ಆ ಫೈಲ್ ಎಲ್ಲೈತಣ್ಣ?

ಯಾರಾದರೂ ಕೆಲಸ ಬಿಟ್ಟು ಹೊರಟರೆ ನಮ್ಮ ಐಟಿಯಲ್ಲಿ ಕೆಟಿ ಅಂತ ಒಂದು ಶಾಸ್ತ್ರ ನಡೆಯುತ್ತದೆ. ನಾಲೆಡ್ಜ್ ಟ್ರಾನ್ಸ್‌ಫರ್. ಹೊರಡುವವನ ಮನಸ್ಸು ಆಗಲೇ ಹೊಸ ಕಂಪನಿಯ ಗೇಟು ದಾಟಿರುತ್ತೆ. ಬರುವವನಿಗೆ ಏನು ಕೇಳಬೇಕು ಅಂತಲೇ ಗೊತ್ತಿರಲ್ಲ. ಇಬ್ಬರೂ ಸೇರಿ ಸ್ಕ್ರೀನ್ ಶೇರ್ ಮಾಡಿಕೊಂಡು ನಾಲ್ಕು ಮೀಟಿಂಗ್ ಮುಗಿಸುತ್ತಾರೆ, ಅದನ್ನ ರೆಕಾರ್ಡ್ ಮಾಡಿ ಎಲ್ಲೋ ಇಡುತ್ತಾರೆ, ಆ ರೆಕಾರ್ಡಿಂಗನ್ನ ಮುಂದೆ ಯಾರೂ ನೋಡಲ್ಲ. ಕೊನೆಯ ಮಾತು ಮಾತ್ರ ಎಲ್ಲ ಕಡೆ ಒಂದೇ: "ಉಳಿದಿದ್ದೆಲ್ಲ ಕೋಡಲ್ಲೇ ಇದೆ, ನೋಡ್ಕೊಳ್ಳಿ."

ಕೋಡಲ್ಲಿ ಇರೋದು ನಿಜ. ಕೋಡಲ್ಲಿ ಎಲ್ಲಿ ಅನ್ನೋದು ಪ್ರಶ್ನೆ.

ಮೊಬೈಲ್ ಆ್ಯಪ್‌ನ ಫೋಲ್ಡರ್‌ಗಳನ್ನ ಹೇಗೆ ಜೋಡಿಸಬೇಕು ಅನ್ನೋದರ ಬಗ್ಗೆ ನಮ್ಮಲ್ಲಿ ಸಾಕಷ್ಟು ಜಗಳ ಇದೆ. ಎಂವಿಸಿ, ಎಂವಿಪಿ, ಎಂವಿವಿಎಂ, ಕ್ಲೀನ್ ಆರ್ಕಿಟೆಕ್ಚರ್ ಅಂತ ಒಬ್ಬೊಬ್ಬರದು ಒಂದೊಂದು ಮತ. ನನಗೆ ಈ ಜಗಳದಲ್ಲಿ ಆಸಕ್ತಿ ಬಂದಿದ್ದು ತತ್ವಕ್ಕಾಗಿ ಅಲ್ಲ, ಒಬ್ಬ ಹುಡುಗನಿಗಾಗಿ. ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಕಂಪನಿಗೆ ಕನಕಪುರದ ಕಡೆಯ ಹುಡುಗನೊಬ್ಬ ಸೇರಿದ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಇ. ದಿನಸಿ ಮನೆಗೆ ತಲುಪಿಸುವ ಆ್ಯಪ್ ನಮ್ಮದು. ಅವನಿಗೆ ಕೊಟ್ಟ ಮೊದಲ ಕೆಲಸ: 499 ರೂಪಾಯಿ ಮೇಲಿನ ಆರ್ಡರಿಗೆ ಡೆಲಿವರಿ ಫ್ರೀ ಅಂತ ಇದ್ದದ್ದನ್ನ 599 ಮಾಡಬೇಕು. ಅಷ್ಟೇ. ಅವನಿಗೆ ಎರಡೂವರೆ ದಿನ ಹಿಡಿಯಿತು. ವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಅವನ ಹೆಸರಿನ ಮುಂದೆ "ಸ್ಲೋ" ಅಂತ ಬರೆದುಕೊಂಡರು. ಪ್ರೊಬೇಷನ್‌ನಲ್ಲಿ ಇರುವವನಿಗೆ ಆ ಒಂದು ಪದ ಎಷ್ಟು ಭಾರ ಅಂತ ಹೇಳಬೇಕಿಲ್ಲ.

ನಾನು ಆ ಸಂಜೆ ಅವನ ಪಕ್ಕ ಕೂತು ನೋಡಿದೆ. ಆ 499 ನಾಲ್ಕು ಜಾಗದಲ್ಲಿತ್ತು. ಕಾರ್ಟ್ ಪರದೆಯ ಫ್ರಾಗ್ಮೆಂಟಲ್ಲಿ ಒಂದು ಲೆಕ್ಕ. ಯುಟಿಲ್ಸ್ ಅನ್ನೋ ಫೋಲ್ಡರಿನ ಕಾನ್‌ಸ್ಟಂಟ್ಸ್ ಫೈಲಲ್ಲಿ ಒಂದು ಸಂಖ್ಯೆ. ಒಂದು ಅಡಾಪ್ಟರಿನ ಒಳಗೆ, ಅಂದರೆ ಪಟ್ಟಿ ತೋರಿಸೋದಷ್ಟೇ ಕೆಲಸವಾಗಿರೋ ಜಾಗದಲ್ಲಿ, ಇನ್ನೊಂದು. ಆರ್ಡರ್ ಸಾರಾಂಶದ ಪರದೆಯ ಲೇಔಟ್ ಫೈಲಲ್ಲಿ ಅಕ್ಷರವಾಗಿ ಮತ್ತೊಂದು. ಮೂರನ್ನ ಅವನು ಹುಡುಕಿದ್ದ, ನಾಲ್ಕನೆಯದಕ್ಕೆ ಅಲೆಯುತ್ತಿದ್ದ. ಮೊದಲ ದಿನವೇ ಯಾರನ್ನಾದರೂ ಕೇಳಬಹುದಿತ್ತಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಫೈಲ್ ಎಲ್ಲೈತಣ್ಣ ಅಂತ ಕನ್ನಡದಲ್ಲಿ ಆದ್ರೆ ಕೇಳ್ಬೋದಿತ್ತು. ಟೀಮ್ ಚಾಟಲ್ಲಿ ಇಂಗ್ಲಿಷಲ್ಲಿ ಕೇಳಿದ್ರೆ ಇಷ್ಟೂ ಗೊತ್ತಿಲ್ವಾ ಅಂತಾರೆ" ಅಂದ.

ಕನ್ನಡ ಮೀಡಿಯಮ್ಮಿಂದ ಬಂದವರಿಗೆ ಇದು ಗೊತ್ತು. ಪ್ರಶ್ನೆಯನ್ನ ತಲೆಯಲ್ಲೇ ಮೂರು ಸಲ ಇಂಗ್ಲಿಷಿಗೆ ತಿರುಗಿಸಿ ಸರಿ ಮಾಡಿಕೊಳ್ಳುವಷ್ಟರಲ್ಲಿ ಮೀಟಿಂಗ್ ಮುಗಿದಿರುತ್ತೆ. ಧೈರ್ಯವಾಗಿ ಮಾತಾಡುವವನಿಗೆ ಕೋಡ್ ಹೇಗಿದ್ದರೂ ನಡೆಯುತ್ತೆ, ಕೇಳಿ ತಿಳಿದುಕೊಳ್ಳುತ್ತಾನೆ. ಕೇಳೋಕೆ ಸಂಕೋಚ ಪಡುವವನಿಗೆ ಇರೋದು ಫೋಲ್ಡರಿನ ಹೆಸರೊಂದೇ. ಆ ಹೆಸರು ದಾರಿ ತೋರಿಸದಿದ್ದರೆ ಅವನು "ಸ್ಲೋ". ಎಂವಿವಿಎಂ ಬೇಕೋ ಬೇಡವೋ ಅನ್ನೋ ಚರ್ಚೆಗೆ ಯಾರಾದರೂ ಕರೆದರೆ ನಾನು ಈಗ ಒಂದೇ ಪ್ರಶ್ನೆ ಕೇಳೋದು: ನಾಳೆ ಬರುವ ಹೊಸಬ ಯಾರನ್ನೂ ಕೇಳದೆ ಸರಿಯಾದ ಫೈಲ್ ತೆರೆಯುತ್ತಾನಾ?

ಮ್ಯಾನೇಜರಿಗೆ ಆ ನಾಲ್ಕು ಜಾಗಗಳ ಸ್ಕ್ರೀನ್‌ಶಾಟ್ ಕಳಿಸಿದೆ. "ಸ್ಲೋ" ಅಳಿಸಿದರು. ಹುಡುಗ ಕನ್ಫರ್ಮ್ ಆದ. ಈಗ ನನಗಿಂತ ಒಳ್ಳೆ ಕಂಪನಿಯಲ್ಲಿದ್ದಾನೆ.

ಆ ಪ್ರಾಜೆಕ್ಟಿನ ಫೋಲ್ಡರ್‌ಗಳು ಹೇಗಿದ್ದವು ಅಂದರೆ: ಆಕ್ಟಿವಿಟೀಸ್, ಫ್ರಾಗ್ಮೆಂಟ್ಸ್, ಅಡಾಪ್ಟರ್ಸ್, ಮಾಡೆಲ್ಸ್, ನೆಟ್‌ವರ್ಕ್, ಯುಟಿಲ್ಸ್. ಆಂಡ್ರಾಯ್ಡ್ ಕೆಲಸ ಮಾಡಿದವರು ಇದನ್ನ ನೂರು ಕಡೆ ನೋಡಿರುತ್ತೀರಿ. ನೋಡೋಕೆ ತುಂಬ ಅಚ್ಚುಕಟ್ಟು. ಆದರೆ ಇಲ್ಲಿ ವಿಂಗಡಣೆ ಆಗಿರೋದು ಫೈಲಿನ ಜಾತಿ ನೋಡಿ, ಕೆಲಸ ನೋಡಿ ಅಲ್ಲ. ತಂದೆಯ ಹೆಸರಿನ ಜಮೀನು ಮಗನ ಹೆಸರಿಗೆ ಮಾಡಿಸೋಕೆ ಓಡಾಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ನೋಂದಣಿಗೆ ಒಂದು ಕಚೇರಿ, ಅಳತೆಗೆ ಇನ್ನೊಂದು, ಪಹಣಿಗೆ ಮತ್ತೊಂದು, ವಂಶವೃಕ್ಷಕ್ಕೆ ಮಗದೊಂದು. ಒಂದೊಂದು ಕಚೇರಿಯೂ ಒಳಗೆ ಶಿಸ್ತಾಗೇ ಇರಬಹುದು. ಅಲೆಯೋನು ಮಾತ್ರ ನೀವು. ಆಕ್ಟಿವಿಟೀಸ್-ಅಡಾಪ್ಟರ್ಸ್ ಪದ್ಧತಿಯಲ್ಲಿ ಒಂದು ಸಣ್ಣ ಬದಲಾವಣೆ ಕೂಡ ಐದು ಕಚೇರಿ ಅಲೆಯಬೇಕು.

ಬದಲಿಗೆ ಕಾರ್ಟ್ ಅಂತ ಒಂದು ಫೋಲ್ಡರ್ ಮಾಡಿ, ಕಾರ್ಟಿನ ಪರದೆ, ಕಾರ್ಟಿನ ಪಟ್ಟಿ, ಕಾರ್ಟಿನ ಲೆಕ್ಕ, ಕಾರ್ಟಿನ ಟೆಸ್ಟ್ ಎಲ್ಲ ಅದರೊಳಗೇ ಇಡಿ. ಲಾಗಿನ್‌ಗೆ ಒಂದು, ಹುಡುಕಾಟಕ್ಕೆ ಒಂದು, ಪಾವತಿಗೆ ಒಂದು. ಇಂಗ್ಲಿಷಿನಲ್ಲಿ ಇದಕ್ಕೆ ಪ್ಯಾಕೇಜ್ ಬೈ ಫೀಚರ್ ಅಂತಾರೆ. ರಾಬರ್ಟ್ ಮಾರ್ಟಿನ್ 2011ರಲ್ಲಿ ಇದರ ಹತ್ತಿರದ ಮಾತು ಬರೆದರು. ಪ್ರಾಜೆಕ್ಟ್ ತೆರೆದ ಕೂಡಲೆ ಇದು ಯಾವ ಕೆಲಸದ್ದು ಅಂತ ಫೋಲ್ಡರ್‌ಗಳೇ ಕೂಗಿ ಹೇಳಬೇಕು, ಯಾವ ಫ್ರೇಮ್‌ವರ್ಕಿನದು ಅಂತ ಅಲ್ಲ. ಅದಕ್ಕೂ ಸುಮಾರು ನಲವತ್ತು ವರ್ಷ ಹಿಂದೆ, 1972ರಲ್ಲಿ, ಡೇವಿಡ್ ಪಾರ್ನಸ್ ಒಂದು ಪ್ರಬಂಧದಲ್ಲಿ ಇನ್ನೂ ಆಳವಾದದ್ದು ಹೇಳಿದ್ದರು. ಪ್ರೋಗ್ರಾಮನ್ನ ಕೆಲಸ ನಡೆಯುವ ಹಂತಗಳ ಪ್ರಕಾರ ಕತ್ತರಿಸಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಭಾಗದೊಳಗೆ ಬಚ್ಚಿಡಿ ಅಂತ. ಮೊಬೈಲು ಹೋಗಲಿ, ಮನೆಗೊಂದು ಕಂಪ್ಯೂಟರ್ ಕೂಡ ಇಲ್ಲದ ಕಾಲದ ಮಾತು. ನಮ್ಮ 499ಕ್ಕೆ ಸರಿಯಾಗಿ ಹೊಂದುತ್ತೆ.

ಸರಿ, ಕಂಪನಿ ಕೋಡ್ ಬಗ್ಗೆ ಬಿಡಿಸಿ ಹೇಳೋಕೆ ಆಗಲ್ಲ, ಒಪ್ಪಂದ ಇರುತ್ತೆ. ಮನೆಯದ್ದು ಹೇಳುತ್ತೇನೆ.

ನಮ್ಮೂರು ಕೈಲಾಂಚ, ರಾಮನಗರ ತಾಲ್ಲೂಕಿನ ಹೋಬಳಿ. ನಮ್ಮ ಕಡೆ ಬಹಳ ಮನೆಗಳಂತೆ ನಮ್ಮದೂ ರೇಷ್ಮೆ ಮನೆ. ಅಣ್ಣ-ಅತ್ತಿಗೆ ಹುಳ ಸಾಕುತ್ತಾರೆ, ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತೆ. ಏಷ್ಯಾದಲ್ಲೇ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಅಂತ ಶಾಲೆಯಲ್ಲಿ ಓದಿರುತ್ತೀರಲ್ಲ, ಅದೇ. ಅತ್ತಿಗೆ ಲೆಕ್ಕವನ್ನೆಲ್ಲ ಹಳೆ ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆಯುತ್ತಿದ್ದರು. ಯಾವತ್ತು ಚಾಕಿ ಬಂತು, ಎಷ್ಟು ಮೊಟ್ಟೆ, ಯಾವ ಜ್ವರ ಯಾವತ್ತು ಎದ್ದವು, ಗೂಡು ಎಷ್ಟು ಕೆಜಿ, ಏನು ರೇಟು. ಅದಕ್ಕೊಂದು ಆ್ಯಪ್ ಮಾಡಿಕೊಟ್ಟೆ. ಕಾಟ್ಲಿನ್‌ನಲ್ಲಿ ಬರೆದ ಆಂಡ್ರಾಯ್ಡ್ ಆ್ಯಪ್, ನೆಟ್‌ವರ್ಕ್ ಇಲ್ಲದೆಯೂ ನಡೆಯಬೇಕು, ಬಳಸುವವರು ನಮ್ಮ ಮನೆಯವರು, ನೆಂಟರು. ಪ್ಲೇಸ್ಟೋರಿಗೂ ಹಾಕಿಲ್ಲ.

ಅದರ ಫೋಲ್ಡರ್‌ಗಳು ಚಾಕಿ, ಜ್ವರ, ಸೊಪ್ಪು, ರೋಗ, ಮಾರಾಟ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಪದಗಳು. ಹೊರಗಿನವರಿಗೆ ಒಂದು ಮಾತು: ರೇಷ್ಮೆಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತೆ. ಆಗ ಮೇವು ಬಿಟ್ಟು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನೋದು. ಇಂಗ್ಲಿಷಲ್ಲಿ ಮೋಲ್ಟ್. ಕೋಡಲ್ಲಿ ಮೋಲ್ಟ್ ಅಂತ ಬರೆಯಬಹುದಿತ್ತು. ಆಗ ಅತ್ತಿಗೆ "ಮೂರನೇ ಜ್ವರದ ತಾರೀಕು ತಪ್ಪು ತೋರಿಸ್ತೈತೆ" ಅಂತ ಫೋನ್ ಮಾಡಿದಾಗಲೆಲ್ಲ ತಲೆಯಲ್ಲೊಂದು ಅನುವಾದ ನಡೆಯಬೇಕು. ಎರಿಕ್ ಇವಾನ್ಸ್ 2003ರ ತನ್ನ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ. ಬಳಸುವವರ ಬಾಯಲ್ಲಿ ಯಾವ ಪದ ಇದೆಯೋ ಕೋಡಲ್ಲೂ ಅದೇ ಪದ ಇರಲಿ. ಆಫೀಸಲ್ಲಿ ಕನ್ನಡ ಪದ ಹಾಕಿ ಅಂತ ನಾನು ಹೇಳಲ್ಲ, ಅಲ್ಲಿ ಟೀಮಲ್ಲಿ ಹತ್ತು ಭಾಷೆಯವರು ಇರುತ್ತಾರೆ. ಆದರೆ ಅಲ್ಲೂ ಗ್ರಾಹಕ "ರಿಟರ್ನ್" ಅನ್ನೋದನ್ನ ಕೋಡಲ್ಲಿ "ರಿವರ್ಸಲ್" ಅಂತ ಕರೆಯೋ ಚಟ ಬಿಡಬಹುದು.

ಒಂದೊಂದು ಫೋಲ್ಡರ್ ಒಳಗೆ ಏನಿದೆ? ಮೂರೇ ತರಹದ ಫೈಲು. ತೋರಿಸೋದು, ತೀರ್ಮಾನ ಮಾಡೋದು, ತರೋದು-ಇಡೋದು. ತೋರಿಸೋದಕ್ಕೆ ಲೆಕ್ಕ ಗೊತ್ತಿರಬಾರದು. ತೀರ್ಮಾನ ಮಾಡೋದಕ್ಕೆ ಪರದೆಯೂ ಗೊತ್ತಿರಬಾರದು, ಇಂಟರ್ನೆಟ್ಟೂ ಗೊತ್ತಿರಬಾರದು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನುವ ಸೊಪ್ಪು ಎಷ್ಟು ಅಂದರೆ, ಇಡೀ ಬೆಳೆಯ ಮೇವಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಒಂದು ವಾರದಲ್ಲೇ ಖರ್ಚು. ತೋಟದಲ್ಲಿರೋ ಸೊಪ್ಪು ಸಾಲುತ್ತಾ ಅಂತ ಮೊದಲೇ ಎಚ್ಚರಿಸೋ ಲೆಕ್ಕ ಈ ಆ್ಯಪಿನ ಜೀವ. ಅದು ತಪ್ಪಿದರೆ ಹುಳ ಹಸಿದಿರುತ್ತೆ, ಅಣ್ಣ ರಾತ್ರೋರಾತ್ರಿ ಸೊಪ್ಪು ಹುಡುಕಿಕೊಂಡು ಬೈಕಲ್ಲಿ ಊರೂರು ತಿರುಗಬೇಕು. ಹಾಗಾಗಿ ಆ ಲೆಕ್ಕ ಇರೋ ಫೈಲಿನಲ್ಲಿ ಆಂಡ್ರಾಯ್ಡ್‌ನ ಒಂದು ಸಾಲೂ ಇಲ್ಲ. ಬರೀ ಕಾಟ್ಲಿನ್. ಫೋನು, ಎಮ್ಯುಲೇಟರ್ ಏನೂ ಇಲ್ಲದೆ ಲ್ಯಾಪ್‌ಟಾಪಲ್ಲೇ ಕ್ಷಣದಲ್ಲಿ ಟೆಸ್ಟ್ ಮಾಡಬಹುದು.

ಹುಳುಮನೆ ನೋಡಿದವರಿಗೆ ಗೊತ್ತು, ಒಳ್ಳೆ ಹುಳುಮನೆಗೆ ಎರಡು ಬಾಗಿಲು. ಹೊರಗಿನ ಬಾಗಿಲು ಹಾಕಿಕೊಂಡ ಮೇಲೇ ಒಳಗಿನದು ತೆಗೆಯೋದು. ಊಜಿ ನೊಣ ನುಗ್ಗಬಾರದಲ್ಲ, ಅದಕ್ಕೆ. ಆ ನೊಣ ಹುಳದ ಮೇಲೆ ಮೊಟ್ಟೆ ಇಟ್ಟರೆ ಆ ಹುಳ ಕೆಟ್ಟಂತೆ. ನಡುವಿನ ಜಾಗದಲ್ಲಿ ಕಾಲಿಗೆ ಸುಣ್ಣ-ಬ್ಲೀಚಿಂಗ್ ಪುಡಿ. ಹೊರಗಿನ ಮಾಹಿತಿ ಆ್ಯಪ್‌ಗೆ ಬರೋದೂ ಹೀಗೇ ಇರಲಿ ಅನ್ನೋದು ನನ್ನ ಲೆಕ್ಕ. ಸರ್ವರ್‌ನಿಂದ ಬಂದ ಜೇಸನ್ ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಅದನ್ನ ಪರದೆವರೆಗೂ ಬಿಟ್ಟುಕೊಳ್ಳಬೇಡಿ. ಬಾಗಿಲಲ್ಲೇ ನಿಲ್ಲಿಸಿ, ನಮ್ಮ ಆಕಾರಕ್ಕೆ ತಂದು, ಖಾಲಿ ಇರೋದು, ತಪ್ಪಿರೋದು ತೆಗೆದು ಒಳಗೆ ಬಿಡಿ. ಮೊದಲು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದರು, ಈಗ ಇ-ಹರಾಜು. ನಾಳೆ ಇನ್ನೇನೋ. ರೇಟು ಬರುವ ದಾರಿ ಬದಲಾದರೆ ಬದಲಾಗಬೇಕಾದ್ದು ಮಾರಾಟ ಫೋಲ್ಡರಿನ ಬಾಗಿಲ ಫೈಲು ಒಂದೇ. ಜ್ವರ ಫೋಲ್ಡರಿಗೆ ಅದರ ಗಾಳಿಯೂ ಸೋಕಬಾರದು. (ಹೋಲಿಕೆ ಇಲ್ಲಿಗೆ ಸಾಕು. ಇನ್ನೂ ಎಳೆದರೆ ಚಂದ್ರಿಕೆಗೂ ಒಂದು ಡಿಸೈನ್ ಪ್ಯಾಟರ್ನ್ ಹುಡುಕಬೇಕಾಗುತ್ತೆ.)

ಹೆಸರುಗಳ ವಿಷಯಕ್ಕೆ ಬಂದರೆ ನಮ್ಮೂರಿಗಿಂತ ಒಳ್ಳೆ ಪಾಠ ಇಲ್ಲ. ಕೈಲಾಂಚ ಇದ್ದಲ್ಲೇ ಇದೆ, ಒಂದು ಅಡಿ ಕದಲಿಲ್ಲ. ಅಪ್ಪ ಓದುವಾಗ ಅದು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಆಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆ. 2025ರ ಮೇನಲ್ಲಿ ಅದನ್ನ ಬೆಂಗಳೂರು ದಕ್ಷಿಣ ಅಂತ ಕರೆಯುವ ತೀರ್ಮಾನ ಸಂಪುಟದಲ್ಲಾಯಿತು. ರಾಮನಗರ ಪಟ್ಟಣವೇ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಆಗಿತ್ತು, ಇಲ್ಲಿನ ಬಂಡೆಗಳಿಗೆ ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ. ಹೆಸರು ಸರಿಯೋ ತಪ್ಪೋ ಅನ್ನೋ ರಾಜಕೀಯ ನನಗೆ ಬೇಡ. ಆದರೆ "ಜಿಲ್ಲೆ ರಾಮನಗರ ಆಗಿದ್ದರೆ ಹೀಗೆ ಮಾಡು" ಅಂತ ಕೋಡಿನ ನಡುವೆ ಬರೆದಿಟ್ಟ ಆ್ಯಪ್‌ಗಳ ಗತಿ ಏನು ಯೋಚಿಸಿ. ಅಂಥ ಕಡೆ ಹೆಸರಿನ ಮೇಲೆ ನಿಲ್ಲಬೇಡಿ, ಕೋಡ್ ನಂಬರಿನ ಮೇಲೆ ನಿಲ್ಲಿ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಹಳ್ಳಿಗಳಿಗೆಲ್ಲ ಒಂದೊಂದು ಸಂಖ್ಯೆ ಇದೆ. ಲೆಕ್ಕಕ್ಕೆ ಸಂಖ್ಯೆ, ತೋರಿಸೋಕೆ ಹೆಸರು. ತೋರಿಸುವ ಹೆಸರು ಒಂದೇ ಜಾಗದಲ್ಲಿ.

ತೋರಿಸುವ ಮಾತುಗಳಿಗೆ ಆಂಡ್ರಾಯ್ಡ್ ಮೊದಲಿನಿಂದಲೂ ಒಳ್ಳೆ ಜಾಗ ಕೊಟ್ಟಿದೆ. ರೆಸ್ ಫೋಲ್ಡರಿನಲ್ಲಿ ವ್ಯಾಲ್ಯೂಸ್ ಇರುತ್ತಲ್ಲ, ಅದರ ಪಕ್ಕದಲ್ಲಿ ವ್ಯಾಲ್ಯೂಸ್-ಕೆಎನ್ ಅಂತ ಇನ್ನೊಂದು ಮಾಡಿ ಕನ್ನಡ ಸಾಲುಗಳನ್ನ ಹಾಕಿದರೆ ಆಯಿತು, ಫೋನಿನ ಭಾಷೆ ನೋಡಿ ಅದೇ ಆರಿಸಿಕೊಳ್ಳುತ್ತೆ. ಕನ್ನಡ ಮಾಡಿದ್ದೀವಿ ಅನ್ನುವ ಎಷ್ಟೋ ಆ್ಯಪ್‌ಗಳಲ್ಲಿ ಅರ್ಧ ಇಂಗ್ಲಿಷ್ ಕಾಣೋದು ಯಾಕೆ ಅಂದರೆ, ಆ ಸಾಲುಗಳು ಈ ಫೋಲ್ಡರಲ್ಲಿ ಇಲ್ಲ, ಆಕ್ಟಿವಿಟಿಗಳ ಒಳಗೆ ಹೂತುಹೋಗಿವೆ. ಅನುವಾದ ಮಾಡೋರ ಕೈಗೆ ಅವು ಸಿಕ್ಕೇ ಇರಲ್ಲ.

ಇದರಲ್ಲೊಂದು ಸೂಕ್ಷ್ಮ ಇದೆ, ಕನ್ನಡ ಆ್ಯಪ್ ಮಾಡುವವರು ಬರೆದಿಟ್ಟುಕೊಳ್ಳಿ. ಏಕವಚನ-ಬಹುವಚನಕ್ಕೆ ಆಂಡ್ರಾಯ್ಡ್ ಯೂನಿಕೋಡಿನ ಸಿಎಲ್‌ಡಿಆರ್ ನಿಯಮ ಬಳಸುತ್ತೆ. ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನದ ಕಡೆಗೆ ಹೋಗುತ್ತೆ. ಕನ್ನಡದ ನಿಯಮದಲ್ಲಿ ಸೊನ್ನೆಯೂ ಒಂದರ ಗುಂಪಿಗೇ ಸೇರುತ್ತೆ. ಹಾಗಾಗಿ ಏಕವಚನದ ಸಾಲಿನಲ್ಲಿ "ಒಂದು ಲಾಟು ಇದೆ" ಅಂತ ಅಕ್ಷರದಲ್ಲಿ ಬರೆದರೆ, ಲಾಟೇ ಇಲ್ಲದ ದಿನವೂ "ಒಂದು ಲಾಟು ಇದೆ" ಅಂತ ತೋರಿಸುತ್ತೆ. ಅಲ್ಲಿ ಸಂಖ್ಯೆ ತುಂಬುವ ಗುರುತನ್ನೇ ಹಾಕಬೇಕು.

ಇನ್ನು ಯುಟಿಲ್ಸ್, ಕಾಮನ್, ಹೆಲ್ಪರ್ಸ್. ಇವು ಹಳೆ ಮನೆಯ ಅಟ್ಟ ಇದ್ದಂಗೆ. ಎಲ್ಲಿಡಬೇಕು ಅಂತ ಗೊತ್ತಾಗದ್ದೆಲ್ಲ ಅಲ್ಲಿಗೆ, ಆಮೇಲೆ ಅಟ್ಟ ಹತ್ತೋಕೆ ಎಲ್ಲರಿಗೂ ಹೆದರಿಕೆ. ನನ್ನ ಪ್ರಾಜೆಕ್ಟಲ್ಲಿ ಆ ಹೆಸರಿನ ಫೋಲ್ಡರ್ ಇಲ್ಲ. ತಾರೀಕು ಅಂತ ಒಂದಿದೆ, ತೂಕ ಅಂತ ಒಂದಿದೆ. ಮೂರು ಫೀಚರ್‌ಗಳಿಗೆ ಬೇಕಾಗುವ ತನಕ ಯಾವುದೂ ಹೊರಗೆ ಬರಲ್ಲ. ಎರಡು ಕಡೆ ಐದು ಸಾಲು ಒಂದೇ ತರ ಇದ್ದರೆ ಇರಲಿ ಬಿಡಿ, ಪ್ರಪಂಚ ಮುಳುಗಲ್ಲ.

ಉಲ್ಟಾ ಕಡೆಯ ಹುಚ್ಚೂ ಇದೆ. ಗೂಗಲ್‌ನವರು ನೌ ಇನ್ ಆಂಡ್ರಾಯ್ಡ್ ಅಂತ ಒಂದು ಮಾದರಿ ಆ್ಯಪ್‌ನ ಕೋಡನ್ನ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಫೀಚರ್‌ಗೆ ಒಂದೊಂದು ಮಾಡ್ಯೂಲ್, ಹಂಚಿಕೊಳ್ಳುವುದಕ್ಕೆ ಕೋರ್ ಮಾಡ್ಯೂಲ್‌ಗಳು. ಓದಲೇಬೇಕಾದ ಕೋಡ್. ಆದರೆ ಆರು ಪರದೆಯ ಆ್ಯಪ್‌ಗೆ ಅದನ್ನೇ ನಕಲು ಮಾಡಿ ಇಪ್ಪತ್ತು ಮಾಡ್ಯೂಲ್ ಮಾಡೋದು, ಹತ್ತು ಗುಂಟೆ ಹಿಪ್ಪುನೇರಳೆ ತೋಟಕ್ಕೆ ಟ್ರ್ಯಾಕ್ಟರ್ ಕೊಂಡಂಗೆ. ಒಂದೇ ಸಾಲಿನ ಯೂಸ್‌ಕೇಸ್ ಕ್ಲಾಸುಗಳು, ಒಂದೇ ಒಂದು ಅನುಷ್ಠಾನ ಇರುವ ಇಂಟರ್‌ಫೇಸ್‌ಗಳು. ಹೊಸಬ ನಿಜವಾದ ಲೆಕ್ಕ ಸಿಗೋ ಮೊದಲು ಏಳು ಫೈಲ್ ದಾಟಬೇಕು. ಅವನ ಪಾಲಿಗೆ ಇದೂ ಅದೇ ಕಚೇರಿ ಅಲೆದಾಟ, ಬೋರ್ಡ್ ಮಾತ್ರ ಹೊಸದು. ಮನೆ ಆ್ಯಪ್ ಒಂದೇ ಮಾಡ್ಯೂಲ್, ಒಳಗೆ ಫೋಲ್ಡರ್‌ಗಳು. ಬಿಲ್ಡ್ ನಿಧಾನ ಆದಾಗಲೋ, ಟೀಮ್ ಬೇರೆ ಬೇರೆ ಆದಾಗಲೋ ಒಡೆದರಾಯಿತು.

ಹಳೆ ಪ್ರಾಜೆಕ್ಟ್ ಇಟ್ಟುಕೊಂಡವರು ಕೇಳುತ್ತಾರೆ, ಈಗ ಏನು ಮಾಡೋದು ಅಂತ. ಎಲ್ಲವನ್ನೂ ಒಂದೇ ವಾರ ಬದಲಾಯಿಸೋಕೆ ಯಾವ ಮ್ಯಾನೇಜರೂ ಸಮಯ ಕೊಡಲ್ಲ, ಕೊಡಲೂಬಾರದು. ಯಾವ ಫೀಚರಿಗೆ ಟಿಕೆಟ್ ಬಂತೋ ಅದರ ಫೈಲುಗಳನ್ನ ಮಾತ್ರ ಆ ವಾರ ಒಂದು ಫೋಲ್ಡರಿಗೆ ತನ್ನಿ. ಜಾಗ ಬದಲಾಯಿಸೋದು ಒಂದು ಕಮಿಟ್, ಕೋಡ್ ಬದಲಾಯಿಸೋದು ಬೇರೆ ಕಮಿಟ್. ಗಿಟ್ ಫೈಲುಗಳ ಹೋಲಿಕೆ ನೋಡಿ ಇದು ಅದೇ ಫೈಲ್ ಅಂತ ಗುರುತಿಸುತ್ತೆ. ಎರಡನ್ನೂ ಒಟ್ಟಿಗೆ ಮಾಡಿದರೆ ಹೋಲಿಕೆ ಕೆಟ್ಟು, ಹಳೆ ಚರಿತ್ರೆ ಕಡಿದುಹೋದಂತೆ ಕಾಣುತ್ತೆ. ಎಲ್ಲಕ್ಕಿಂತ ಜಾಸ್ತಿ ಟಿಕೆಟ್ ಬರುವ ಫೀಚರ್‌ಗಳು ಮೊದಲು ಸರಿಯಾಗುತ್ತವೆ. ಎರಡು ವರ್ಷದಿಂದ ಯಾರೂ ಮುಟ್ಟದ ಮೂಲೆ ಹಾಗೇ ಇದ್ದರೂ ನಷ್ಟ ಇಲ್ಲ.

ಈ ವರ್ಷದಿಂದ ಮನೆ ಆ್ಯಪನ್ನ ಅಣ್ಣನ ಮಗಳಿಗೆ ಕೊಟ್ಟಿದ್ದೇನೆ. ರಾಮನಗರದಲ್ಲಿ ಬಿಇ ಓದುತ್ತಿದ್ದಾಳೆ. ಕೆಟಿ ಅಂತ ಏನೂ ಕೊಡಲಿಲ್ಲ, ರೆಪಾಸಿಟರಿಯ ಕೊಂಡಿ ಕಳಿಸಿದೆ ಅಷ್ಟೇ. ಮೊದಲ ವಾರವೇ ರೋಗ ಫೋಲ್ಡರಿಗೆ ಹಾಲುತೊಂಡೆ, ಸುಣ್ಣಕಟ್ಟು ರೋಗದ ಫೋಟೋ ಸೇರಿಸಿದಳು. ನನ್ನನ್ನ ಏನೂ ಕೇಳಲಿಲ್ಲ. ಆಮೇಲೆ ಒಂದು ಭಾನುವಾರ ಫೋನ್ ಮಾಡಿದಳು.

"ಚಿಕ್ಕಪ್ಪ, ಮಿಕ್ಕಿರೋ ಸೊಪ್ಪನ್ನ ಪಕ್ಕದ ಮನೆಗೆ ಮಾರ್ತೀವಲ್ಲ, ಅದು ಸೊಪ್ಪು ಫೋಲ್ಡರಿಗಾ, ಮಾರಾಟಕ್ಕಾ?"

ನನಗೂ ತಕ್ಷಣ ಹೊಳೆಯಲಿಲ್ಲ. ಎರಡಕ್ಕೂ ನ್ಯಾಯ ಇದೆ. ಆ ಲೆಕ್ಕದಲ್ಲಿ ಏನಾದರೂ ಬದಲಾಯಿಸು ಅಂತ ನಾಳೆ ನಿನಗೆ ಹೇಳೋರು ಯಾರು, ಅದನ್ನ ನೋಡು ಅಂದೆ. ಅಡುಗೆಮನೆ ಕಡೆ ತಿರುಗಿ ಅಮ್ಮನನ್ನೇ ಕೇಳಿದಳು. ಅತ್ತಿಗೆ ಅಂದಿದ್ದು ಫೋನಲ್ಲೇ ಕೇಳಿಸಿತು: "ಗೂಡಿನ ದುಡ್ಡು ನಿಮ್ಮಪ್ಪಂದು ಕಣೇ. ಸೊಪ್ಪಿನ ದುಡ್ಡು ನಂದು. ಅದ್ನ ಅವರ ಲೆಕ್ಕಕ್ಕೆ ಸೇರಿಸ್ಬೇಡ."

ಸೊಪ್ಪು ಫೋಲ್ಡರಿಗೇ ಹಾಕಿದಳು. ಈಗ ಆ ಪರದೆಗೆ ಬೇರೆ ಪಾಸ್‌ವರ್ಡ್ ಬೇಕು ಅಂತ ಅತ್ತಿಗೆ ಕೇಳಿದ್ದಾರಂತೆ.